ಕೆಡವಲೂ ಕಾಸಿಲ್ಲದೆ ಉಳಿದುಕೊಂಡ ಊರು

ಇಟಲಿಯ ಟಸ್ಕನಿ ಪ್ರಾಂತ್ಯದ ಗುಡ್ಡದೂರು ಸಾನ್ ಜಿಮಿನ್ಯಾನೊಗೆ ರೈಲಿಲ್ಲ. ಫ್ಲಾರೆನ್ಸಿನಿಂದ ಸಿಯೆನಾ ಕಡೆಗೆ ಹೋಗುವ ರೈಲಿನಲ್ಲಿ ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ದ್ರಾಕ್ಷಿ ತೋಟ, ಆಲಿವ್ ಮರಗಳ ನಡುವೆ ಬಸ್ಸು ಏರುತ್ತಾ ಹೋದಂತೆ ಎದುರಿನ ಗುಡ್ಡದ ನೆತ್ತಿಯ ಮೇಲೆ ಬೂದು ಬಣ್ಣದ ಕಲ್ಲಿನ ಗೋಪುರಗಳು ಒತ್ತೊತ್ತಾಗಿ ಎದ್ದು ಕಾಣುತ್ತವೆ. ಕಿಟಕಿಗಳು ಇಲ್ಲವೆನ್ನುವಷ್ಟು ಕಡಿಮೆ, ಮೇಲೆ ಶಿಖರವಿಲ್ಲ, ಕೆತ್ತನೆಯೂ ಇಲ್ಲ. ನೆಟ್ಟಗೆ ನಿಲ್ಲಿಸಿದ ಕಂಬಗಳ ಹಾಗೆ ಅವು 14 ಇವೆ. ಒಂದು ಕಾಲದಲ್ಲಿ 72 ಇದ್ದವು ಎಂದು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ.

ಊರು ಸಣ್ಣದು. ಸುತ್ತಲಿನ ಕೋಟೆಗೋಡೆಯ ಉದ್ದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದಕ್ಷಿಣದ ಪೋರ್ತಾ ಸಾನ್ ಜೊವಾನ್ನಿ ಹೆಬ್ಬಾಗಿಲಿನಿಂದ ಉತ್ತರದ ಪೋರ್ತಾ ಸಾನ್ ಮತ್ತೆಯೊವರೆಗೆ ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ಇಷ್ಟು ಪುಟ್ಟ ಊರಿಗೆ ಇಷ್ಟೊಂದು ಗೋಪುರಗಳು ಬಂದದ್ದು ಹೇಗೆ, ಇಟಲಿಯ ಬೇರೆ ಹೆಚ್ಚಿನ ಊರುಗಳಲ್ಲಿ ಮಾಯವಾದ ಮೇಲೂ ಇಲ್ಲಿ ಉಳಿದದ್ದು ಹೇಗೆ? ನೋಡಲು ಹೋಗುವವರು ಇದನ್ನು ತಿಳಿದುಕೊಂಡೇ ಹೋಗಬೇಕು. ಊರು ಇಂದು ಎದುರಿಸುತ್ತಿರುವ ಕಷ್ಟವೂ ಅದೇ ಕಥೆಯ ಮುಂದುವರಿಕೆ.

ಮೊದಲು ದಾರಿಯ ಮಾತು. ಉತ್ತರ ಯುರೋಪಿನಿಂದ ರೋಮಿಗೆ ಯಾತ್ರಿಕರು ನಡೆದು ಬರುತ್ತಿದ್ದ ಹಾದಿಗೆ ವಿಯಾ ಫ್ರಾಂಚಿಜೆನಾ ಎಂದು ಹೆಸರು. ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ 990ರಲ್ಲಿ ರೋಮಿನಿಂದ ಊರಿಗೆ ಮರಳುವಾಗ ತಂಗಿದ ಸ್ಥಳಗಳ ಪಟ್ಟಿಯಿದೆ. ಅದರಲ್ಲಿ 19ನೆಯದು ಸಾನ್ ಜಿಮಿನ್ಯಾನೊ. ಯಾತ್ರಿಕರು ಬಂದಲ್ಲಿ ಛತ್ರ, ಛತ್ರವಿದ್ದಲ್ಲಿ ಅಂಗಡಿ, ಅಂಗಡಿಯ ಹಿಂದೆ ಸಾಲ ಕೊಡುವವರು. ಅದುವರೆಗೆ ಪಕ್ಕದ ಊರಾದ ವೊಲ್ತೆರ್ರಾದ ಬಿಷಪ್ಪನ ಹಿಡಿತದಲ್ಲಿದ್ದ ಊರು 1199ರ ಹೊತ್ತಿಗೆ ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳತೊಡಗಿತು.

ಹಣ ತಂದ ಇನ್ನೊಂದು ಬೆಳೆ ಕೇಸರಿ. ಸುತ್ತಲಿನ ಇಳಿಜಾರುಗಳಲ್ಲಿ ಬೆಳೆದ ಕೇಸರಿಯನ್ನು ಇಲ್ಲಿನ ವರ್ತಕರು ಪೀಸಾದಂಥ ಬಂದರುಗಳಿಗೆ ಸಾಗಿಸಿ, ಅಲ್ಲಿಂದ ಹಡಗುಗಳಲ್ಲಿ ದೂರದ ದೇಶಗಳಿಗೂ ಕಳುಹಿಸುತ್ತಿದ್ದರು. ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂವು ಬೇಕು. ಅಕ್ಟೋಬರ್ ಕೊನೆಯಲ್ಲಿ, ಬಿಸಿಲೇರುವ ಮೊದಲೇ ಹೂ ಬಿಡಿಸಿ, ಒಂದೊಂದರ ಮೂರು ಕೆಂಪೆಳೆಗಳನ್ನು ಬೆರಳಲ್ಲಿ ಕಿತ್ತು, ಕೆಂಡದ ಕಾವಿನಲ್ಲಿ ಒಣಗಿಸುವ ಕೆಲಸ. ಭಾರವಿಲ್ಲದ, ಕೆಡದ, ಬಂಗಾರದ ಬೆಲೆಯ ಸರಕು. ಗುಡ್ಡದ ಮೇಲಿನ ಊರಿಗೆ ಇದಕ್ಕಿಂತ ಹೇಳಿ ಮಾಡಿಸಿದ ವ್ಯಾಪಾರ ಇನ್ನೊಂದಿಲ್ಲ.

ಬಂದ ಹಣವೆಲ್ಲ ಗೋಡೆಯೊಳಗಿನ ಇಕ್ಕಟ್ಟಿನಲ್ಲೇ ಖರ್ಚಾಗಬೇಕಿತ್ತು. ಅಗಲಕ್ಕೆ ಜಾಗವಿಲ್ಲ, ಎತ್ತರಕ್ಕೆ ಅಡ್ಡಿಯಿಲ್ಲ. ಜೊತೆಗೆ ಊರು ಒಡೆದಿತ್ತು. ಇಟಲಿಯ ಅಂದಿನ ಊರುಗಳೆಲ್ಲ ಗ್ವೆಲ್ಫ್, ಗಿಬೆಲಿನ್ ಎಂದು ಎರಡಾಗಿದ್ದವು. ಒಂದು ಪೋಪನ ಪಕ್ಷ, ಇನ್ನೊಂದು ಚಕ್ರವರ್ತಿಯ ಪಕ್ಷ. ಇಲ್ಲಿ ಅರ್ದಿಂಗೆಲ್ಲಿ ಮನೆತನದವರು ಗ್ವೆಲ್ಫರು, ಸಾಲ್ವುಚ್ಚಿ ಮನೆತನದವರು ಗಿಬೆಲಿನರು. ಎರಡು ಮನೆತನಗಳ ಗೋಪುರಗಳೂ ಇಂದಿಗೂ ಒಂದಕ್ಕೊಂದು ಕಾಣುವಷ್ಟು ಹತ್ತಿರದಲ್ಲಿ ನಿಂತಿವೆ. ಜಗಳ ಬೀದಿಗಿಳಿದ ದಿನ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಲು, ಮೇಲಿನಿಂದ ಕಲ್ಲೆಸೆಯಲು ಇವು ಬೇಕಿದ್ದವು. ಜಗಳವಿಲ್ಲದ ದಿನ ಮನೆತನದ ಅಂತಸ್ತು ಸಾರಲು ಬೇಕಿದ್ದವು.

ವಾಸಕ್ಕೆ ಇವು ಹೇಳಿಕೊಳ್ಳುವಂಥವಲ್ಲ. ಯಾವುದಾದರೂ ಗೋಪುರದ ಕೆಳಗೆ ನಿಂತು ಗೋಡೆಯನ್ನು ದಿಟ್ಟಿಸಿ ನೋಡಿ. ಸಾಲಾಗಿ ಚೌಕಾಕಾರದ ತೂತುಗಳಿವೆ. ಮರದ ತೊಲೆಗಳನ್ನು ಸಿಕ್ಕಿಸಿದ ಜಾಗ ಅದು. ಕಟ್ಟುವಾಗ ಆ ತೊಲೆಗಳ ಮೇಲೆ ಸಾರುವೆ ನಿಲ್ಲಿಸಿದರು, ಆಮೇಲೆ ಅಂಥ ತೂತುಗಳಿಗೇ ತೊಲೆ ಕೊಟ್ಟು ಮರದ ಮೊಗಸಾಲೆಗಳನ್ನು ಹೊರಚಾಚಿದರು. ನಾವು ಈಗ ನೋಡುತ್ತಿರುವ ಬೋಳು ಕಲ್ಲು ಆ ಕಾಲದ ರೂಪವಲ್ಲ. ಆಗ ಮರ, ಏಣಿ, ಬಾಲ್ಕನಿ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಇದರ ಮೈಮೇಲೆ ನೇತಾಡುತ್ತಿದ್ದಿರಬೇಕು. ಸಾನ್ ಜೊವಾನ್ನಿ ಬೀದಿಯಲ್ಲಿ ಕಂಪಾತೆಲ್ಲಿ ಎಂಬ ಮನೆ ಮತ್ತು ಗೋಪುರವನ್ನು ಇಟಲಿಯ ಪರಂಪರೆ ಸಂಸ್ಥೆ ಎಫ್‌ಎಐ ನೋಡಿಕೊಳ್ಳುತ್ತಿದೆ. ಆ ಗೋಪುರದ ಒಳಗೆ ಹೋಗಿ ತಲೆಯೆತ್ತಿದರೆ ಅಂತಸ್ತುಗಳೇ ಇಲ್ಲ, ತುದಿಯವರೆಗೂ ಟೊಳ್ಳು. ಅಷ್ಟು ದಪ್ಪ ಗೋಡೆ, ಅದರ ನಡುವೆ ಅಷ್ಟೇ ಅಷ್ಟು ಜಾಗ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ತಿಳಿಯದ್ದು ಆ ಒಂದು ನೋಟದಲ್ಲಿ ತಿಳಿಯುತ್ತದೆ.

ಎತ್ತರದ ಪೈಪೋಟಿಗೆ ಊರೇ ಮಿತಿ ಹಾಕಿತು. ಆಗಿನ ಇಟಲಿಯ ಊರುಗಳಲ್ಲಿ ಪೊದೆಸ್ತಾ ಎಂಬ ಅಧಿಕಾರಿ ಇರುತ್ತಿದ್ದ. ಅವನನ್ನು ಬೇಕೆಂದೇ ಹೊರಗಿನಿಂದ, ಕಡಿಮೆ ಅವಧಿಗೆ, ಸಂಬಳ ಕೊಟ್ಟು ಕರೆಸುತ್ತಿದ್ದರು. ಊರಿನವನಾದರೆ ಯಾವುದಾದರೂ ಒಂದು ಪಕ್ಷ ಹಿಡಿದೇ ಹಿಡಿಯುತ್ತಾನೆ ಎಂಬ ಭಯ. ಆ ಪೊದೆಸ್ತಾನ ಅರಮನೆಯ ಮೇಲಿನ ರೊಞ್ಯೋಜಾ ಗೋಪುರದ ಎತ್ತರ ಸುಮಾರು 51 ಮೀಟರ್. ಯಾವ ಮನೆತನವೂ ಅದನ್ನು ಮೀರಿ ಕಟ್ಟಕೂಡದು ಎಂದು 1255ರಲ್ಲಿ ನಿಯಮ ಬಂತು. ಸಾಲ್ವುಚ್ಚಿಗಳು ಒಂದರ ಬದಲು ಅಕ್ಕಪಕ್ಕ ಎರಡು ಕಟ್ಟಿ ಸೇಡು ತೀರಿಸಿಕೊಂಡರು ಎಂಬ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಮುಂದೆ ಊರಿನ ಆಡಳಿತವೇ ಹೊಸ ಅರಮನೆಯ ಪಕ್ಕ ಇನ್ನೂ ಎತ್ತರದ, 54 ಮೀಟರಿನ ತೊರ್ರೆ ಗ್ರೊಸ್ಸಾ ಕಟ್ಟಿ 1311ರಲ್ಲಿ ಮುಗಿಸಿತು. ಪ್ರವಾಸಿಗರು ಇಂದು ಹತ್ತುವ ಗೋಪುರ ಅದೇ. ಕೆಳಗಿನ ಸಭಾಂಗಣದಲ್ಲಿ 1300ರ ಮೇ ತಿಂಗಳಲ್ಲಿ ಕವಿ ದಾಂತೆ ಫ್ಲಾರೆನ್ಸಿನ ರಾಯಭಾರಿಯಾಗಿ ಬಂದು, ಗ್ವೆಲ್ಫ್ ಒಕ್ಕೂಟದ ಪರವಾಗಿ ಮಾತಾಡಿದ್ದ. ಸಭಾಂಗಣಕ್ಕೆ ಈಗ ಅವನದೇ ಹೆಸರು.

ನಲವತ್ತು ವರ್ಷದೊಳಗೆ ಎಲ್ಲ ತಲೆಕೆಳಗಾಯಿತು. 1348ರಲ್ಲಿ ಪ್ಲೇಗು ಬಂದು ಊರಿನ ಅರ್ಧಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಸತ್ತವರ ಲೆಕ್ಕ ಒಂದು ಕಡೆ, ಅವರೊಂದಿಗೆ ಹೋದ ಕೈಕಸುಬು, ನಿಂತುಹೋದ ಗಿರಾಕಿಗಳು ಇನ್ನೊಂದು ಕಡೆ. ಅಷ್ಟಾದರೂ ಮನೆತನಗಳ ಕಲಹ ನಿಲ್ಲಲಿಲ್ಲ. 1353ರಲ್ಲಿ ಊರು ಫ್ಲಾರೆನ್ಸಿಗೆ ಶರಣಾಯಿತು. ಫ್ಲಾರೆನ್ಸಿನವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಊರಿನ ಮೇಲೆ ಕಣ್ಣಿಡಲು ಗುಡ್ಡದ ತುದಿಯಲ್ಲಿ ಕೋಟೆ ಕಟ್ಟಿದ್ದು. ಅಷ್ಟರಲ್ಲಿ ರೋಮಿನ ದಾರಿಯೂ ಕೈಬಿಟ್ಟಿತ್ತು. ಕೆಳಗಿನ ಎಲ್ಸಾ ನದಿಯ ಕಣಿವೆಯಲ್ಲಿ, ಪೊಜ್ಜಿಬೊನ್ಸಿಯ ಮೇಲೆ ಹಾದುಹೋಗುವ ಸಮತಟ್ಟಾದ ದಾರಿ ಇದ್ದಾಗ ಗುಡ್ಡ ಹತ್ತುವವರು ಯಾರು? ಇಂದು ರೈಲು ಕೆಳಗಿದ್ದು ಬಸ್ಸು ಮೇಲೇರುವುದಕ್ಕೂ ಬೇರು ಅಲ್ಲೇ ಇದೆ.

ಗೋಪುರಗಳು ಯಾಕೆ ಉಳಿದವು ಎಂಬುದಕ್ಕೆ ಉತ್ತರ ಈ ಇಳಿಗಾಲದಲ್ಲಿದೆ. ಫ್ಲಾರೆನ್ಸಿನಲ್ಲಿ 1250ರಲ್ಲೇ ಖಾಸಗಿ ಗೋಪುರಗಳನ್ನು ಸುಮಾರು 29 ಮೀಟರಿಗೆ ಇಳಿಸುವಂತೆ ಜನರ ಸರ್ಕಾರ ಆಜ್ಞೆ ಮಾಡಿತು. ಉಳಿದವನ್ನು ಮುಂದಿನ ಶತಮಾನಗಳ ಸಿರಿವಂತರು ಒಡೆದು ಅಗಲವಾದ ಅರಮನೆಗಳನ್ನು ಕಟ್ಟಿದರು. ಬೊಲೊನ್ಯಾದಲ್ಲೂ ಒಂದು ಕಾಲಕ್ಕೆ ಗೋಪುರಗಳ ಕಾಡೇ ಇತ್ತು. ಈಗ ಎಲ್ಲರೂ ಬಲ್ಲದ್ದು ಅಸಿನೆಲ್ಲಿ, ಗರಿಸೆಂದಾ ಎಂಬ ಎರಡನ್ನು. ಹೊಸ ಫ್ಯಾಷನ್ನಿಗೆ ತಕ್ಕಂತೆ ಹಳೆಯದನ್ನು ಕೆಡವಬೇಕಾದರೂ ಕೈಯಲ್ಲಿ ದುಡ್ಡಿರಬೇಕು. ಸಾನ್ ಜಿಮಿನ್ಯಾನೊದ ಮನೆತನಗಳಲ್ಲಿ ಅದಿರಲಿಲ್ಲ. ಕೆಲವು ಗೋಪುರ ತಾವಾಗಿ ಕುಸಿದವು, ಕೆಲವನ್ನು ಅಪಾಯವೆಂದು ತಗ್ಗಿಸಿದರು, ಕಲ್ಲು ಬೇಕಾದವರು ಕಲ್ಲು ಒಯ್ದರು. ಉಳಿದವು ನಿಂತಲ್ಲೇ ನಿಂತವು.

ಎಷ್ಟು ಕಳೆದುಹೋಯಿತು ಎಂದು ನೋಡಬೇಕೆಂದರೆ ಊರಿನ ಚಿತ್ರಶಾಲೆಗೆ ಹೋಗಬೇಕು. ತದ್ದೆಯೊ ದಿ ಬಾರ್ತೊಲೊ 1400ರ ಆಸುಪಾಸಿನಲ್ಲಿ ಬರೆದ ಚಿತ್ರವೊಂದು ಅಲ್ಲಿದೆ. ಊರಿಗೆ ಹೆಸರು ಕೊಟ್ಟ ಸಂತ ಜಿಮಿನ್ಯಾನೊ ಪೀಠದ ಮೇಲೆ ಕೂತಿದ್ದಾನೆ, ಮಡಿಲಲ್ಲಿ ಇಡೀ ಊರಿದೆ. ಗೋಡೆ, ಬಾಗಿಲು, ಅದರೊಳಗೆ ಒಂದರ ಮೇಲೊಂದು ಬೀಳುವಂತೆ ಇಕ್ಕಿರಿದ ಗೋಪುರಗಳು. ಮಲಗಿದ ಮಗುವನ್ನು ಹಿಡಿದಂತೆ ಸಂತ ಅದನ್ನು ಹಿಡಿದಿದ್ದಾನೆ. ಪ್ಲೇಗು ಹಾದುಹೋಗಿ ಐವತ್ತು ವರ್ಷ ಕಳೆದ ಮೇಲೆ ಬರೆಸಿದ ಚಿತ್ರವದು. ಅದರ ಮುಂದೆ ನಿಂತು ಬರೀ ಕಲೆಯನ್ನು ನೋಡಿ ಹೊರಡುವುದು ನನಗಂತೂ ಕಷ್ಟ.

ನಾವು ನೋಡುವ ಊರು ಪೂರ್ತಿ ಹಳೆಯದೂ ಅಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ, ಅದರಲ್ಲೂ 1920–30ರ ದಶಕಗಳಲ್ಲಿ, ಟಸ್ಕನಿಯ ಹಲವು ಊರುಗಳ ಹಾಗೆ ಇಲ್ಲೂ ನಂತರದ ಕಾಲದ ಗಾರೆಯನ್ನು ಕೆರೆದು, ಮುಚ್ಚಿದ್ದ ಕಮಾನುಗಳನ್ನು ತೆರೆದು ಮಧ್ಯಯುಗದ ಚಹರೆಯನ್ನು ತಿದ್ದಿದರು. ಹಾಗೆಂದು ಇದನ್ನು ಸುಳ್ಳೆನ್ನಲಾಗದು. ಕಲ್ಲು ಆ ಕಾಲದ್ದೇ. ಆದರೆ ಮಧ್ಯಯುಗ ಹೀಗೇ ಇತ್ತು ಎಂದುಕೊಂಡು ಬರುವುದು ಬೇಡ. 1990ರಲ್ಲಿ ಊರಿನ ಹಳೆಯ ಭಾಗ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನ ಬಿಳಿ ವೈನ್ ವೆರ್ನಾಚ್ಚಾ ಇಟಲಿಯಲ್ಲೇ ಮೊದಲಿಗೆ, 1966ರಲ್ಲಿ, ಮೂಲಸ್ಥಾನದ ಕಾನೂನು ಮಾನ್ಯತೆ ಪಡೆದಿತ್ತು. ಕೇಸರಿಯ ಬೇಸಾಯವೂ ಮತ್ತೆ ಚಿಗುರಿತು.

ಹೀಗೆ ಆರು ಶತಮಾನಗಳ ನಂತರ ಹಣ ಮತ್ತೆ ಗುಡ್ಡ ಹತ್ತಿತು, ಈ ಸಲ ಪ್ರವಾಸಿಗರ ಜೇಬಿನಲ್ಲಿ. ಬೇಸಿಗೆಯ ನಡುಹಗಲು ಸಾನ್ ಜೊವಾನ್ನಿ ಬೀದಿಯಲ್ಲಿ ಹೆಗಲಿಗೆ ಹೆಗಲು ತಾಗುತ್ತದೆ. ಚರ್ಮದ ಚೀಲ, ಪಿಂಗಾಣಿ ತಟ್ಟೆ, ಜೆಲಾಟೊ, ವೈನ್, ಮತ್ತೆ ಚರ್ಮದ ಚೀಲ. ಮನೆ ಮಂದಿಗೆ ಬೇಕಾದ ಮೊಳೆ, ನೂಲು, ಸೊಪ್ಪು ಸಿಗುವ ಅಂಗಡಿ ಹುಡುಕಬೇಕು. ಪಂಚಾಯಿತಿಯ ಒಟ್ಟು ಜನಸಂಖ್ಯೆ ಸುಮಾರು ಏಳೂವರೆ ಸಾವಿರ, ಅವರಲ್ಲಿ ಬಹುಪಾಲು ಜನ ಕೋಟೆಯಾಚೆಯ ಹಳ್ಳಿ, ಬಡಾವಣೆಗಳಲ್ಲಿದ್ದಾರೆ. ಗೋಡೆಯೊಳಗಿನ ಮನೆಯನ್ನು ರಾತ್ರಿಯ ಬಾಡಿಗೆಗೆ ಕೊಟ್ಟು, ಆ ದುಡ್ಡಿನಲ್ಲಿ ಕೆಳಗೆ ಕಾರು ನಿಲ್ಲುವ ಮನೆಯಲ್ಲಿ ಇರುವುದು ಲಾಭ. ಹಾಗೆ ಮಾಡಿದವರನ್ನು ದೂರುವುದು ನ್ಯಾಯವಲ್ಲ. ಆದರೂ ನನಗೆ ನೋವಾಗುವುದು ಇಲ್ಲೇ. ಬಡತನ ಊರನ್ನು ಹಿಡಿದಿಟ್ಟಾಗ ಜನ ಒಳಗಿದ್ದರು; ಈಗ ಕಲ್ಲಿಗೆ ಕಾವಲಿದೆ, ಜನ ಹೊರಗೆ.

ಕಲ್ಲಿಗಾದರೂ ಅಪಾಯ ತಪ್ಪಿದೆಯೇ ಎಂದರೆ ಅದೂ ಇಲ್ಲ. ಪಕ್ಕದ ವೊಲ್ತೆರ್ರಾದಲ್ಲಿ 2014ರ ಜನವರಿ ಕೊನೆಯಲ್ಲಿ, ಬಿಡದೆ ಸುರಿದ ಮಳೆಯ ನಂತರ ಮಧ್ಯಯುಗದ ಕೋಟೆಗೋಡೆಯ ಸುಮಾರು 30 ಮೀಟರ್ ಉದ್ದದ ಭಾಗ ಕುಸಿದುಬಿತ್ತು. ಗುಡ್ಡದೂರಿನ ಕೋಟೆಗೋಡೆ ಶತ್ರುವನ್ನು ತಡೆಯುವುದರ ಜೊತೆಗೆ ಒಳಗಿನ ಮಣ್ಣನ್ನೂ ತಡೆದು ನಿಂತಿರುತ್ತದೆ. ನೀರು ಹರಿಯುವ ಕಿಂಡಿಗಳು ಕಟ್ಟಿಕೊಂಡರೆ ಹಿಂದಿನ ಮಣ್ಣು ನೆನೆದು ಭಾರವಾಗಿ, ಒಂದು ದಿನ ಗೋಡೆಯನ್ನೇ ದೂಡುತ್ತದೆ. ಮನೆ ಹಿತ್ತಲಿನಲ್ಲಿ ದಿನವೂ ಓಡಾಡುವವರಿದ್ದರೆ ಹೊಸ ಬಿರುಕು, ಹೊಸ ತೇವ ಕಣ್ಣಿಗೆ ಬೀಳುತ್ತದೆ. ಬಾಡಿಗೆಗೆ ಎರಡು ರಾತ್ರಿ ಬಂದವರಿಗೆ ಅದು ಹೇಗೆ ತಿಳಿಯಬೇಕು?

ಹೋಗುವವರಿಗೆ ನನ್ನದೊಂದು ಕೋರಿಕೆ. ಎರಡು ಗಂಟೆಯ ಬಸ್ಸಿನ ನಿಲುಗಡೆಯಲ್ಲಿ ಮುಗಿಸದೆ, ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ. ಸಂಜೆ ಕೊನೆಯ ಗುಂಪುಗಳು ಇಳಿದುಹೋದ ಮೇಲೆ ಚಿಸ್ತೆರ್ನಾ ಚೌಕದ ಬಾವಿಯ ಕಟ್ಟೆಯ ಮೇಲೆ ಕೂರಲು ಜಾಗ ಸಿಗುತ್ತದೆ. 1273ರಲ್ಲಿ ಕಟ್ಟಿದ, 1346ರಲ್ಲಿ ದೊಡ್ಡದು ಮಾಡಿದ ಬಾವಿಯದು. ಅದರ ಕಲ್ಲಂಚಿನ ಮೇಲೆ ಕೈಯಾಡಿಸಿದರೆ ಹಗ್ಗ ಉಜ್ಜಿ ಉಜ್ಜಿ ಕೊರೆದ ಗೀರುಗಳು ಬೆರಳಿಗೆ ಸಿಗುತ್ತವೆ. ನೀರು ಸೇದಿದವರ ಹೆಸರು ಯಾವ ಗೋಪುರದ ಮೇಲೂ ಇಲ್ಲ.

ಮಾರ್ಚ್ 12ರ ಹೊತ್ತಿಗೆ ಹೋಗುವಂತಾದರೆ ಇನ್ನೂ ಒಳ್ಳೆಯದು. ಅಂದು ಊರಿನವರ ಸಂತ ಫೀನಾಳ ದಿನ. 1253ರಲ್ಲಿ, ಹದಿನೈದರ ಹರೆಯದಲ್ಲಿ, ವರ್ಷಗಟ್ಟಲೆ ಹಲಗೆಯ ಮೇಲೆ ಮಲಗಿದ್ದು ತೀರಿಕೊಂಡ ಹುಡುಗಿ. ಅವಳ ದೇಹವನ್ನು ಎತ್ತಿದಾಗ ಹಲಗೆಯ ಮೇಲೆ ಹೂವರಳಿತು, ಊರಿನ ಗಂಟೆಗಳು ತಾವಾಗಿ ಬಾರಿಸಿದವು ಎಂದು ಐತಿಹ್ಯ. ಆ ದಿನಗಳಲ್ಲಿ ಗೋಪುರದ ಕಲ್ಲುಸಂದಿಗಳಲ್ಲಿ ಹಳದಿ ಹೂ ಬಿಡುತ್ತದೆ. ಊರಿನವರು ಅದನ್ನು ಫೀನಾಳ ಹೂವೆಂದೇ ಕರೆಯುತ್ತಾರೆ. ದೊಡ್ಡ ಚರ್ಚಿನ ಒಳಗೆ ಅವಳ ಗುಡಿಯಲ್ಲಿ ಗಿರ್ಲಾಂದಾಯೊ ಅವಳ ಅಂತ್ಯಕ್ರಿಯೆಯ ಚಿತ್ರ ಬರೆದಿದ್ದಾನೆ. ಜನ ಸುತ್ತ ನಿಂತಿದ್ದಾರೆ, ಹಿಂದೆ ಆಕಾಶದಲ್ಲಿ ಇದೇ ಗೋಪುರಗಳು. ಅವುಗಳಲ್ಲೊಂದರ ತುದಿಯಲ್ಲಿ ಒಬ್ಬ ದೇವದೂತ ಗಂಟೆ ಬಾರಿಸುತ್ತಿದ್ದಾನೆ.