ಬೆಂಗಳೂರಿನ ಮಳೆಗೊಂದು ಬೇಸಿಗೆ ಟೈರು

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು, ಊರಿಗೆ ಇನ್ನೂ ಕಾರೇ ಬಂದಿರಲಿಲ್ಲ. ಅತಿ ಹೆಚ್ಚು ಅಂದರೆ 39.2 ಡಿಗ್ರಿ, 2016ರ ಏಪ್ರಿಲ್ 24ರಂದು. ಯೂರೋಪಿನ ಕಾರು ಮಾಲೀಕರು ಬೇಸಿಗೆ ಟೈರು ತೆಗೆದು ಚಳಿಗಾಲದ ಟೈರು ಹಾಕಿಸಲು 7 ಡಿಗ್ರಿಯನ್ನು ಗಡಿ ಎಂದು ಇಟ್ಟುಕೊಂಡಿದ್ದಾರೆ. ಅದಕ್ಕಿಂತ ಕೆಳಗಿಳಿದರೆ ಸಮ್ಮರ್ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮ ಊರು ದಾಖಲೆಯ ಚಳಿಯಲ್ಲೂ ಆ ಗಡಿ ಮುಟ್ಟಿಲ್ಲ. ಹಾಗಾಗಿ ಇಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ವರ್ಷಪೂರ್ತಿ ಸಮ್ಮರ್ ಟೈರಿನಲ್ಲೇ ಓಡಾಡಬಹುದು.

ಆದರೆ ಯಾವ ಸಮ್ಮರ್ ಟೈರು? ಸಿಲ್ಕ್ ಬೋರ್ಡಿನಲ್ಲಿ ನಿಂತ ಕಾರಿಗೆ ಯಾವ ಟೈರಾದರೇನು ಎಂದು ನಗಬಹುದು. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ತಿರುವುಗಳಲ್ಲಿ, ಸೆಪ್ಟೆಂಬರ್ ಸಂಜೆ ಬಳ್ಳಾರಿ ರಸ್ತೆಯ ಮೇಲ್ಸೇತುವೆಯಲ್ಲಿ ಆ ನಗು ಉಳಿಯುವುದಿಲ್ಲ. ಟೈರು ಕೊಳ್ಳುವವರು ಒಣ ರಸ್ತೆಯ ಹಿಡಿತ, ರೇಸ್ ಟ್ರ್ಯಾಕಿನ ಸಮಯ ಇವನ್ನೇ ಮೊದಲು ನೋಡುತ್ತಾರೆ. ನನ್ನ ಪ್ರಕಾರ ಬೆಂಗಳೂರಿನಲ್ಲಿ ಮೊದಲು ನೋಡಬೇಕಾದದ್ದು ಒದ್ದೆ ರಸ್ತೆಯ ಬ್ರೇಕಿಂಗ್. ಯಾಕೆ ಅಂತ ತಿಳಿಯಲು ರಬ್ಬರಿನ ಒಳಗೆ ಸ್ವಲ್ಪ ಇಣುಕಬೇಕು.

ರಬ್ಬರಿಗೆ ಹಿಡಿತ ಬರುವುದು ಎರಡು ದಾರಿಯಲ್ಲಿ. ಮೊದಲನೆಯದು ಅಂಟು. ರಬ್ಬರಿನ ಅಣುಗಳು ಜಲ್ಲಿಯ ಮೇಲ್ಮೈಗೆ ಕ್ಷಣಕಾಲ ಅಂಟಿ, ಎಳೆದು, ಬಿಡುತ್ತವೆ. ಇದಕ್ಕೆ ರಬ್ಬರು ರಸ್ತೆಯನ್ನು ನೇರವಾಗಿ ಮುಟ್ಟಬೇಕು. ನಡುವೆ ನೀರಿನ ತೆಳು ಪದರವೋ ದೂಳೋ ಎಣ್ಣೆಯೋ ಬಂದರೆ ಈ ಅಂಟು ಬಹಳಷ್ಟು ಹೋಗಿಬಿಡುತ್ತದೆ. ಏಪ್ರಿಲ್‌ನ ಮೊದಲ ಮಳೆಯಲ್ಲಿ ಬೈಕುಗಳು ಜಾರಿ ಬೀಳುವುದು ಇದಕ್ಕೇ. ಬೇಸಿಗೆಯಿಡೀ ಕೂತ ದೂಳು, ಸೋರಿದ ಆಯಿಲ್ ನೀರಿನ ಜೊತೆ ಕಲಸಿಕೊಂಡು ರಸ್ತೆಗೆ ಬಳಿದುಕೊಂಡಿರುತ್ತವೆ.

ಎರಡನೆಯ ದಾರಿ ಇನ್ನೂ ಸ್ವಾರಸ್ಯದ್ದು. ಜಲ್ಲಿಯ ಮೊನೆಗಳು ರಬ್ಬರನ್ನು ಒತ್ತುತ್ತವೆ. ಒತ್ತಿದ ಕಡೆ ರಬ್ಬರು ತಗ್ಗಿ ಮತ್ತೆ ಮೇಲೇಳುತ್ತದೆ, ಆದರೆ ತಕ್ಷಣ ಏಳುವುದಿಲ್ಲ, ಸ್ವಲ್ಪ ತಡ ಮಾಡುತ್ತದೆ. ಅಷ್ಟರಲ್ಲಿ ಮೊನೆ ಮುಂದೆ ಸರಿದಿರುತ್ತದೆ. ಹಾಗಾಗಿ ಮೊನೆಯ ಒಂದು ಬದಿಯಲ್ಲಿ ಒತ್ತಡ ಜಾಸ್ತಿ, ಇನ್ನೊಂದು ಬದಿಯಲ್ಲಿ ಕಡಿಮೆ. ಈ ವ್ಯತ್ಯಾಸವೇ ಜಾರುವಿಕೆಯನ್ನು ತಡೆಯುವ ಬಲ. ಒತ್ತಿದಾಗ ರಬ್ಬರಿಗೆ ಹೋದ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ, ಒಂದಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಹೀಗೆ ಪೋಲಾಗುವ ಶಕ್ತಿಯೇ ಕಾರನ್ನು ನಿಲ್ಲಿಸುವುದು. ಮಳೆಯಲ್ಲಿ ಅಂಟು ಕೈಕೊಟ್ಟಾಗ ಬಹುಪಾಲು ಭಾರ ಬೀಳುವುದು ಈ ಪೋಲಿನ ಮೇಲೆ.

ಹಾಗಾದರೆ ಜಾಸ್ತಿ ಪೋಲು ಮಾಡುವ ರಬ್ಬರನ್ನೇ ಬಳಸಿದರಾಯ್ತು, ಅಲ್ವಾ? ಅಲ್ಲೊಂದು ತೊಡಕಿದೆ. ಸುಮ್ನೆ ನೇರ ಓಡುವಾಗಲೂ ಟೈರು ಪ್ರತಿ ಸುತ್ತಿಗೂ ರಸ್ತೆಗೆ ತಾಗಿದ ಕಡೆ ಚಪ್ಪಟೆಯಾಗಿ, ಮತ್ತೆ ದುಂಡಗಾಗುತ್ತದೆ. ಅಲ್ಲೂ ಶಕ್ತಿ ಪೋಲಾದರೆ ಪೆಟ್ರೋಲು ಸುಡುತ್ತದೆ, ಟೈರು ಕಾಯುತ್ತದೆ. ಒಂದೇ ರಬ್ಬರು ಬ್ರೇಕ್ ಒತ್ತಿದಾಗ ದುಂದು ಮಾಡಬೇಕು, ಓಡುವಾಗ ಜುಗ್ಗನಾಗಿರಬೇಕು. ಇದು ಸಾಧ್ಯವೇ?

ಸಾಧ್ಯವಾಗುವುದು ವೇಗದ ವ್ಯತ್ಯಾಸದಿಂದ. 100 ಕಿ.ಮೀ. ವೇಗದಲ್ಲಿ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 14 ಸಲ ಸುತ್ತುತ್ತದೆ. ಅಂದರೆ ಚಪ್ಪಟೆಯಾಗಿ ದುಂಡಗಾಗುವ ಕೆಲಸ ನಿಧಾನದ್ದು. ಬ್ರೇಕ್ ಒತ್ತಿ ರಬ್ಬರು ರಸ್ತೆಯ ಮೇಲೆ ತುಸು ಜಾರುವಾಗ ಜಲ್ಲಿಯ ಸಣ್ಣ ಮೊನೆಗಳು ಅದನ್ನು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಸಲ ಕುಟ್ಟುತ್ತವೆ. ಅಷ್ಟು ಬೇಗ ಬೇಗ ಕುಟ್ಟಿಸಿಕೊಂಡ ರಬ್ಬರು ತಾನು ಇರುವುದಕ್ಕಿಂತ ಎಷ್ಟೋ ಡಿಗ್ರಿ ತಣ್ಣಗಿದ್ದಂತೆ ವರ್ತಿಸುತ್ತದೆ. ವೇಗಕ್ಕೂ ಉಷ್ಣಾಂಶಕ್ಕೂ ಇರುವ ಈ ನಂಟನ್ನು 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್, ಫೆರ್ರಿ ಎಂಬ ಮೂವರು ಸಮೀಕರಣವಾಗಿ ಬರೆದರು. 1963ರಲ್ಲಿ ಗ್ರಾಶ್ ಎಂಬ ವಿಜ್ಞಾನಿ ಬೇರೆ ಬೇರೆ ವೇಗ ಮತ್ತು ಉಷ್ಣಾಂಶದಲ್ಲಿ ರಬ್ಬರಿನ ಘರ್ಷಣೆ ಅಳೆದು, ಆ ಅಳತೆಗಳೆಲ್ಲ ಇದೇ ನಂಟಿನಿಂದ ಒಂದೇ ಗೆರೆಯ ಮೇಲೆ ಬಂದು ಕೂರುವುದನ್ನು ತೋರಿಸಿದರು.

ಇದರಿಂದ ಟೈರು ಎಂಜಿನಿಯರುಗಳಿಗೆ ಒಂದು ಒಳದಾರಿ ಸಿಕ್ಕಿತು. ರಬ್ಬರಿನ ಸಣ್ಣ ತುಂಡನ್ನು ಸೊನ್ನೆ ಡಿಗ್ರಿಗೆ ತಂದು ನಿಧಾನಕ್ಕೆ ಅಲುಗಿಸಿ ಎಷ್ಟು ಶಕ್ತಿ ಪೋಲಾಗುತ್ತದೆ ಎಂದು ನೋಡುತ್ತಾರೆ. ಅದು ಜಾಸ್ತಿ ಇದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಅದೇ ತುಂಡನ್ನು 60 ಡಿಗ್ರಿಗೆ ಕಾಯಿಸಿ ಅಲುಗಿಸುತ್ತಾರೆ. ಅಲ್ಲಿ ಪೋಲು ಕಡಿಮೆ ಇದ್ದರೆ ಟೈರು ಹಗುರವಾಗಿ ಉರುಳುತ್ತದೆ. ಬೆಂಗಳೂರು ಎಂದೂ ಕಾಣದ ಸೊನ್ನೆ ಡಿಗ್ರಿಯ ಅಳತೆ ಇಲ್ಲಿನ 22 ಡಿಗ್ರಿಯ ಮಳೆಯಲ್ಲಿ ಕಾರು ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತದೆ! ಟೈರು ವಿಜ್ಞಾನದಲ್ಲಿ ನನಗೆ ಬಹಳ ಇಷ್ಟದ ಸಂಗತಿ ಇದು.

ಈ ಎರಡು ಅಳತೆಗಳನ್ನು ಒಟ್ಟಿಗೆ ಸುಧಾರಿಸಿದ್ದು ಸಿಲಿಕಾ. ಅದಕ್ಕೂ ಮುಂಚೆ ರಬ್ಬರಿಗೆ ಗಟ್ಟಿತನ ಕೊಡಲು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಂಥ ಪುಡಿ ಬೆರೆಸುತ್ತಿದ್ದರು, ಈಗಲೂ ಸ್ವಲ್ಪ ಬೆರೆಸುತ್ತಾರೆ. 1992ರಲ್ಲಿ ಮಿಷೆಲಿನ್ ಕಂಪನಿ ಸಿಲಿಕಾ ಬೆರೆಸಿದ ಕಾರು ಟೈರನ್ನು ಮಾರುಕಟ್ಟೆಗೆ ತಂದಿತು. ಸಿಲಿಕಾ ಕಣಗಳು ತಾವಾಗಿ ರಬ್ಬರಿನ ಜೊತೆ ಬೆರೆಯುವುದಿಲ್ಲ, ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಸಿಲೇನ್ ಎಂಬ ರಾಸಾಯನಿಕ ಅವನ್ನು ರಬ್ಬರಿನ ಸರಪಳಿಗೆ ಕಟ್ಟಿಹಾಕುತ್ತದೆ. ಇವತ್ತು ಒಳ್ಳೆಯ ಸಮ್ಮರ್ ಟೈರುಗಳ ಗುಟ್ಟೆಲ್ಲ ಈ ಮಿಶ್ರಣದಲ್ಲೇ ಇದೆ. ಯಾವ ಕಂಪನಿಯೂ ಅದರ ಪಾಕವನ್ನು ಪೂರ್ತಿ ಹೇಳುವುದಿಲ್ಲ.

ಇನ್ನು ನೀರು. 235 ಮಿ.ಮೀ. ಅಗಲದ ಟೈರು 80 ಕಿ.ಮೀ. ವೇಗದಲ್ಲಿ 3 ಮಿ.ಮೀ. ನೀರಿನ ಮೇಲೆ ಓಡುತ್ತಿದೆ ಎನ್ನಿ. ಅದು ಪ್ರತಿ ಸೆಕೆಂಡಿಗೆ ಸುಮಾರು 16 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಸೆಕೆಂಡಿಗೊಂದು ಬಕೆಟ್, ಅದೂ ಒಂದೇ ಚಕ್ರಕ್ಕೆ. ತಳ್ಳಲು ಆಗದಿದ್ದರೆ ನೀರಿನ ಒತ್ತಡ ಟೈರನ್ನೇ ಎತ್ತಿಬಿಡುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. 1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಟೈರಿನೊಳಗಿನ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ತೇಲುವ ವೇಗ ಏರುತ್ತದೆ. ಆ ಲೆಕ್ಕದಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ತೇಲುವುದು ಸುಮಾರು 96 ಕಿ.ಮೀ. ವೇಗಕ್ಕೆ, 25ಕ್ಕೆ ಇಳಿದರೆ 83ಕ್ಕೇ. ಕಾರಿನ ಟೈರಿಗೆ ಇದು ಅಂದಾಜು ಮಾತ್ರ. ಟ್ರೆಡ್ (ಟೈರಿನ ಗೀರುಗಳ ಆಳ) ಎಷ್ಟು ಉಳಿದಿದೆ, ನೀರು ಎಷ್ಟು ಆಳ ಎನ್ನುವುದೂ ಸೇರಿಕೊಳ್ಳುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯ ವೇಗಮಿತಿ 100 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಕಾನೂನು ಪ್ರಕಾರ 1.6 ಮಿ.ಮೀ. ಟ್ರೆಡ್ ಉಳಿದಿದ್ದರೆ ಸಾಕು. ಮಳೆಗಾಲಕ್ಕೆ ಅದು ಏನೇನೂ ಸಾಲದು. 3 ಮಿ.ಮೀ. ಹತ್ತಿರ ಬಂದಾಗಲೇ ನಾನಂತೂ ಹೊಸ ಟೈರಿನ ಯೋಚನೆ ಮಾಡುತ್ತೇನೆ.

ಅಗಲದ ಟೈರು ಹಾಕಿಸಿದರೆ ರಸ್ತೆ ಮುಟ್ಟುವ ಜಾಗ ಜಾಸ್ತಿಯಾಗುತ್ತದೆ ಎಂಬ ನಂಬಿಕೆ ಇದೆ. ಒಂದು ಚಕ್ರದ ಮೇಲೆ 400 ಕೆ.ಜಿ. ಭಾರ, ಒಳಗೆ 33 ಪಿಎಸ್‌ಐ ಒತ್ತಡ ಇದ್ದರೆ ಮುಟ್ಟುವ ಜಾಗ ಸುಮಾರು 170 ಚದರ ಸೆಂಟಿಮೀಟರ್. ಈ ಲೆಕ್ಕದಲ್ಲಿ ಅಗಲಕ್ಕೆ ಜಾಗವೇ ಇಲ್ಲ. ಅಗಲವಾದಂತೆ ಆ ಜಾಗದ ಆಕಾರ ಬದಲಾಗುತ್ತದೆ, ಅಡ್ಡಕ್ಕೆ ಹರಡಿ ಉದ್ದ ಕಡಿಮೆಯಾಗುತ್ತದೆ. ತಿರುವಿನಲ್ಲಿ ಇದು ಒಳ್ಳೆಯದು. ನೀರಿನಲ್ಲಿ ಕೆಟ್ಟದ್ದು, ಯಾಕೆಂದರೆ ತಳ್ಳಬೇಕಾದ ನೀರು ಹೆಚ್ಚುತ್ತದೆ, ಸಿಗುವ ಸಮಯ ತಗ್ಗುತ್ತದೆ.

ಈಗ ಹೋಲಿಕೆಗೆ ಬರೋಣ. ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಬ್ರಿಜ್‌ಸ್ಟೋನ್ ಪೊಟೆಂಜಾ ಸ್ಪೋರ್ಟ್, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ 6, ಪಿರೆಲ್ಲಿ ಪಿ ಝೀರೋ. ಇವೆಲ್ಲ ಒಂದೇ ಪಂಕ್ತಿಯವು, ಇವುಗಳ ನಡುವಿನ ಅಂತರ ಸಣ್ಣದು. ಮಿಷೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಬೇರೆ ಜಾತಿ. ಅದು ಟ್ರ್ಯಾಕಿಗೆ ಹೋಗಿಬರುವವರ ಟೈರು. ಕಾದ ಮೇಲೆ ಅದ್ಭುತವಾಗಿ ಹಿಡಿಯುತ್ತದೆ, ಹೊರ ಅಂಚಿನಲ್ಲಿ ಗೀರುಗಳು ಕಡಿಮೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಆಗಾಗ ಹೋಗುವವರು ಅದನ್ನು ಕೊಳ್ಳಲಿ. ಅಕ್ಟೋಬರ್‌ನ ಧೋ ಮಳೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ಮನೆಗೆ ಬರುವವರಿಗೆ ಅದು ತಪ್ಪು ಆಯ್ಕೆ ಎಂದೇ ಹೇಳುತ್ತೇನೆ.

ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ, ಅಲ್ಲಿನ ಕಾರು ಪತ್ರಿಕೆ ಆಟೋ ಬಿಲ್ಡ್ ಮುಂತಾದವರು ಟೈರುಗಳನ್ನು ಒಟ್ಟಿಗೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಆ ಪಟ್ಟಿಗಳಲ್ಲಿ ಮೊದಲ ಸ್ಥಾನ ಯಾರಿಗೆ ಎಂಬುದಕ್ಕಿಂತ ಮೀಟರುಗಳನ್ನು ನೋಡಿ. ಒಂದು ಟೈರು 100 ಕಿ.ಮೀ. ವೇಗದಿಂದ 34 ಮೀಟರಿನಲ್ಲಿ ನಿಲ್ಲುತ್ತದೆ, ಇನ್ನೊಂದು 36 ಮೀಟರಿನಲ್ಲಿ ಎನ್ನಿ. ಎರಡೇ ಮೀಟರ್, ಏನು ಮಹಾ ಅನಿಸುತ್ತದೆ. ಮೊದಲನೆಯದು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಸುಮಾರು 24 ಕಿ.ಮೀ. ವೇಗದಲ್ಲಿರುತ್ತದೆ. ಮುಂದಿನ ಆಟೋಗೆ ಗುದ್ದಲು ಅಷ್ಟು ಸಾಕು. ವೇಗದ ವರ್ಗಕ್ಕೆ ತಕ್ಕಂತೆ ದೂರ ಬೆಳೆಯುವುದರಿಂದ ಕೊನೆಯ ಮೀಟರುಗಳಲ್ಲಿ ಇಷ್ಟೊಂದು ವೇಗ ಅಡಗಿರುತ್ತದೆ. ಅಂದ ಹಾಗೆ ಈ ಪರೀಕ್ಷೆಗಳು ಬಹುತೇಕ ಹೊಸ ಟೈರಿನ ಮೇಲೆ ನಡೆಯುತ್ತವೆ. ಅರ್ಧ ಸವೆದ ಮೇಲೆ ಪಟ್ಟಿ ಬದಲಾಗಬಹುದು.

ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ, ಬಾಳಿಕೆ ಸೂಚಿಸುವ ಟ್ರೆಡ್‌ವೇರ್ ಸಂಖ್ಯೆಯನ್ನು ನಂಬಿ ಮೋಸ ಹೋಗಬೇಡಿ. ಅಮೆರಿಕದ ಪದ್ಧತಿಯಂತೆ ಟೆಕ್ಸಾಸ್ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, ಒಂದು ಮಾದರಿ ಟೈರಿಗೆ ಹೋಲಿಸಿ ಕೊಡುವ ಸಂಖ್ಯೆ ಅದು. ಸಂಖ್ಯೆ ಬರೆಯುವುದು ಕಂಪನಿಯೇ. ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಅದು ಪರವಾಗಿಲ್ಲ, ಬೇರೆ ಕಂಪನಿಗಳ ನಡುವೆ ಅಷ್ಟಕ್ಕಷ್ಟೆ.

ರಬ್ಬರು ಎಷ್ಟೇ ಒಳ್ಳೆಯದಿರಲಿ, ಬೆಂಗಳೂರಿನಲ್ಲಿ ಟೈರಿನ ಆಯಸ್ಸು ಮುಗಿಸುವುದು ಗುಂಡಿ. ಪೋರ್ಷೆ 718ರ ಮುಂದಿನ ಚಕ್ರವನ್ನೇ ತೆಗೆದುಕೊಳ್ಳಿ. 18 ಇಂಚಿನ ಅಲಾಯ್‌ಗೆ (ಟೈರು ಕೂರುವ ಲೋಹದ ಚಕ್ರ) 235/45 ಟೈರು, 20 ಇಂಚಿಗೆ 235/35. ಓರೆಗೆರೆಯ ನಂತರದ ಸಂಖ್ಯೆ, ಅಗಲದ ಶೇಕಡಾ ಎಷ್ಟು ಎತ್ತರದ ಗೋಡೆ ಇದೆ ಎಂದು ಹೇಳುತ್ತದೆ. ಅಂದರೆ ಮೊದಲನೆಯದಕ್ಕೆ 106 ಮಿ.ಮೀ. ಗೋಡೆ, ಎರಡನೆಯದಕ್ಕೆ 82. ಆ 24 ಮಿ.ಮೀ. ನೋಡಲು ಏನೂ ಅಲ್ಲ. ಮಳೆ ನೀರು ತುಂಬಿ ಕಾಣದ ಗುಂಡಿಗೆ ಚಕ್ರ ಇಳಿದಾಗ, ಟೈರು ಗುಂಡಿಯ ಅಂಚು ಮತ್ತು ಅಲಾಯ್ ನಡುವೆ ಸಿಕ್ಕಿ ನಜ್ಜುಗುಜ್ಜಾಗುವುದೋ ಇಲ್ಲವೋ ಎಂದು ತೀರ್ಮಾನಿಸುವುದು ಅದೇ. ಒಳಗಿನ ನೂಲುಗಳು ಹರಿದರೆ ಗೋಡೆ ಉಬ್ಬಿಕೊಳ್ಳುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಪಂಚರ್ ಅಂಗಡಿಯವರು ಏನೇ ಹೇಳಲಿ. ಕಾರು ಕಂಪನಿ ಒಪ್ಪುವ ಸಣ್ಣ ಅಲಾಯ್ ಇದ್ದರೆ ಅದನ್ನೇ ಆರಿಸಿ. ನೋಟ ಸ್ವಲ್ಪ ಮಂಕಾದರೂ ಪರವಾಗಿಲ್ಲ.

ಕೊಳ್ಳುವಾಗ ಇನ್ನೊಂದು ಸಂಗತಿ. ಮೈಸೂರಿನಲ್ಲೇ ಟೈರು ಕಾರ್ಖಾನೆ ಇದೆ, 1997ರಲ್ಲಿ ಜೆಕೆ ಟೈರ್ ತೆಕ್ಕೆಗೆ ಹೋದ ನಮ್ಮ ವಿಕ್ರಾಂತ್. ಆದರೆ 19, 20 ಇಂಚಿನ ಪರ್ಫಾರ್ಮೆನ್ಸ್ ಟೈರುಗಳು ಬಹುಪಾಲು ಹೊರದೇಶದಿಂದಲೇ ಬರಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಬೇಕಾದ ಅಳತೆ ಸಿಗದೆ, ಸಿಕ್ಕಿದ್ದು ಗೋದಾಮಿನಲ್ಲಿ ಹಳತಾಗಿರುವ ಸಾಧ್ಯತೆ ಇದೆ. ಜೆ.ಸಿ. ರಸ್ತೆಯಲ್ಲಿ ಕೊಂಡರೂ ಶೋರೂಮಿನಲ್ಲಿ ಕೊಂಡರೂ ಗೋಡೆಯ ಮೇಲಿನ ನಾಲ್ಕಂಕಿ ನೋಡದೆ ದುಡ್ಡು ಕೊಡಬೇಡಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾಗಿದ್ದು. ಆಮ್ಲಜನಕ ರಬ್ಬರನ್ನು ಸದ್ದಿಲ್ಲದೆ ಗಟ್ಟಿ ಮಾಡುತ್ತದೆ, ಓಜೋನ್ ಬಿರುಕು ಬಿಡಿಸುತ್ತದೆ. ವಾರಕ್ಕೊಮ್ಮೆ ಹೊರಬರುವ ಸ್ಪೋರ್ಟ್ಸ್ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಹಾಗಾಗಿ ಇಲ್ಲಿ ಬಾಳಿಕೆಯ ಟೈರಿಗಾಗಿ ಹಿಡಿತ ಬಿಟ್ಟುಕೊಡುವುದರಲ್ಲಿ ಅರ್ಥ ಕಾಣುವುದಿಲ್ಲ.

ಗೋಡೆಯ ಮೇಲೆ ನಕ್ಷತ್ರವೋ ಎನ್ ಅಕ್ಷರವೋ ಇದ್ದರೆ ಅದು ಬಿಎಂಡಬ್ಲ್ಯು, ಪೋರ್ಷೆಗೆಂದು ಹೊಂದಿಸಿದ ಆವೃತ್ತಿ. ಅದೇ ಹೆಸರಿನ ಮಾಮೂಲಿ ಟೈರಿಗಿಂತ ಅದರ ಮಿಶ್ರಣ, ಗೋಡೆಯ ಬಿಗಿ ಬೇರೆ ಇರಬಹುದು. ಪರೀಕ್ಷೆಯ ಫಲಿತಾಂಶ ಓದುವಾಗ ಯಾವ ಆವೃತ್ತಿಯದು ಎಂದು ನೋಡಿಕೊಳ್ಳಿ. ಮುಂದೊಂದು ಹಿಂದೊಂದು ಹೆಸರಿನ ಟೈರು ಹಾಕಿಸಬೇಡಿ.

ಹಾಕಿಸಿದ ಮೇಲೆ ಗಾಳಿ. ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದ ಒತ್ತಡ ತಣ್ಣಗಿರುವ ಟೈರಿನದು. ಉಷ್ಣಾಂಶ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಓಡಿಸಿಕೊಂಡು ಬಂಕಿಗೆ ಹೋಗಿ ಅಳತೆ ಜಾಸ್ತಿ ಬಂತೆಂದು ಗಾಳಿ ಬಿಡಿಸಿದರೆ, ಮರುದಿನ ಬೆಳಗ್ಗೆ ನಂದಿಯ ತಂಪಿನಲ್ಲಿ ಕಾರು ಕಡಿಮೆ ಗಾಳಿಯಲ್ಲಿ ತಿರುವು ಹತ್ತುತ್ತಿರುತ್ತದೆ. ಒಂದು ಸಣ್ಣ ಗೇಜ್ ಕೊಂಡು, ಬೆಳಗ್ಗೆ ಕಾರು ತೆಗೆಯುವ ಮೊದಲು ಮನೆಯಲ್ಲೇ ನೋಡುವುದು ಒಳ್ಳೆಯದು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಾರು ಪದಾರ್ಥ ಉಳಿದಿರುತ್ತದೆ. ಅದು ಸವೆದುಹೋಗುವ ತನಕ, ಅಂದರೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್, ಬ್ರೇಕನ್ನೂ ಆಕ್ಸಿಲರೇಟರನ್ನೂ ಮೆತ್ತಗೆ ಒತ್ತಿ.