ಜಾರ್ಜ್ ಫರ್ನಾಂಡಿಸ್: ಯೂನಿಯನ್‌ನಿಂದ ಕೇಂದ್ರ ಸಂಪುಟಕ್ಕೆ (ಅಧ್ಯಯನ ಟಿಪ್ಪಣಿ)

ಕೋಲಾರ, ಕೆಜಿಎಫ್ ಕಡೆಯಿಂದ ಕೆಎಎಸ್‌ಗೆ ಓದುತ್ತಿರುವವರಿಗೆ ಯೂನಿಯನ್ (ಕಾರ್ಮಿಕ ಸಂಘ) ಅಂದರೇನು ಎಂದು ವಿವರಿಸಬೇಕಿಲ್ಲ. ನೇರ ವಿಷಯಕ್ಕೆ ಬರೋಣ.

1930ರಲ್ಲಿ ಮಂಗಳೂರಿನಲ್ಲಿ ಹುಟ್ಟು. ಬೆಂಗಳೂರಿನ ಸೆಮಿನರಿ (ಪಾದ್ರಿ ತರಬೇತಿ ಶಾಲೆ) ಬಿಟ್ಟು 1949ರಲ್ಲಿ ಬಾಂಬೆಗೆ. ಅಲ್ಲಿ ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಗರಡಿ, ಟ್ಯಾಕ್ಸಿ ಚಾಲಕರ ಸಂಘಟನೆ. 1967ರಲ್ಲಿ ಬಾಂಬೆ ದಕ್ಷಿಣದಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ.

1974ರ ರೈಲ್ವೆ ಮುಷ್ಕರ: ಮೇ 8ರಿಂದ 27ರವರೆಗೆ. ಆಗ ಅವರು ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರು. ಮುಷ್ಕರಕ್ಕೆ ಮೊದಲೇ, ಮೇ 2ರಂದು, ಬಂಧನ. ಬೇಡಿಕೆಗಳಲ್ಲಿ ಬೋನಸ್ಸನ್ನು ಮರೆಯಬೇಡಿ. 1965ರ ಬೋನಸ್ ಕಾಯ್ದೆ ಸರ್ಕಾರಿ ಇಲಾಖೆಯೇ ನಡೆಸುವ ಉದ್ಯಮಕ್ಕೆ ಅನ್ವಯಿಸುತ್ತಿರಲಿಲ್ಲ; ರೈಲ್ವೆ ಒಂದು ಇಲಾಖೆ, ಹಾಗಾಗಿ ನೌಕರರು ಹೊರಗುಳಿದಿದ್ದರು. ಉತ್ಪಾದಕತೆ ಆಧಾರಿತ ಬೋನಸ್ ಬಂದದ್ದು 1979ರಲ್ಲಿ. ತುರ್ತುಪರಿಸ್ಥಿತಿಯಲ್ಲಿ ಭೂಗತರಾಗಿ, 1976ರಲ್ಲಿ ಸಿಕ್ಕಿಬಿದ್ದು, ಬರೋಡಾ ಡೈನಮೈಟ್ ಪ್ರಕರಣದ (ಸರ್ಕಾರದ ವಿರುದ್ಧ ಸ್ಫೋಟಗಳ ಸಂಚಿನ ಆರೋಪ) ಆರೋಪಿ. 1977ರಲ್ಲಿ ಜೈಲಿನಿಂದಲೇ ಸ್ಪರ್ಧಿಸಿ ಮುಜಾಫರ್‌ಪುರದಲ್ಲಿ 3 ಲಕ್ಷಕ್ಕೂ ಹೆಚ್ಚು ಮತಗಳ ಗೆಲುವು.

ಎಲ್ಲರೂ ಎಡವುವ ಜಾಗ ಕೋಕಾ-ಕೋಲಾ ಭಾರತ ಬಿಟ್ಟ ಕಥೆ. ‘ಫರ್ನಾಂಡಿಸ್ ನಿಷೇಧಿಸಿದರು’ ಎಂದು ಬರೆದರೆ ತಪ್ಪು, ಅದೂ ಎರಡು ಕಡೆ. ಒಂದು, ಇದರ ಹಿಂದಿದ್ದ ಫೆರಾ ಕಾನೂನು (ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ) ಅವರದಲ್ಲ. ಇಂದಿರಾ ಸರ್ಕಾರ 1973ರಲ್ಲಿ ತಂದದ್ದು, 1974ರ ಜನವರಿ 1ರಿಂದ ಜಾರಿ. ಅದರ 29ನೇ ಕಲಂ ಪ್ರಕಾರ ವಿದೇಶಿ ಪಾಲು ಶೇ. 40ಕ್ಕಿಂತ ಹೆಚ್ಚಿದ್ದರೆ ಇಲ್ಲಿ ವ್ಯವಹಾರ ಮುಂದುವರಿಸಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. ಉನ್ನತ ತಂತ್ರಜ್ಞಾನ, ರಫ್ತು ಇದ್ದವರಿಗೆ ಹೆಚ್ಚಿನ ಪಾಲಿನ ರಿಯಾಯಿತಿ ಇತ್ತು. ತಂಪು ಪಾನೀಯಕ್ಕೆ ಅದು ದಕ್ಕಲಿಲ್ಲ. ಎರಡು, ನಿಷೇಧ ಆಗಲೇ ಇಲ್ಲ. ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿ ಫರ್ನಾಂಡಿಸ್ ಪಟ್ಟು ಹಿಡಿದದ್ದು ಈ ಕಾನೂನಿನ ಪಾಲನೆಗೆ: ಪಾಲು ಇಳಿಸಿ, ತಯಾರಿಕೆಯ ತಾಂತ್ರಿಕ ತಿಳಿವನ್ನೂ ಭಾರತೀಯ ಕಂಪನಿಗೆ ವರ್ಗಾಯಿಸಿ ಎಂದು. ಸಾಂದ್ರದ (ಪಾನೀಯ ತಯಾರಿಸುವ ಗಟ್ಟಿ ಮೂಲದ್ರವ) ಸೂತ್ರ ಬಿಟ್ಟುಕೊಡಲು ಕಂಪನಿಗೆ ಮನಸ್ಸಿರಲಿಲ್ಲ, 1977ರಲ್ಲಿ ತಾನೇ ಹೊರಟಿತು. ಕಂಪ್ಯೂಟರ್ ಕಂಪನಿ ಐಬಿಎಂ ಹೊರಟದ್ದು 1978ರಲ್ಲಿ. ಕೋಕಾ-ಕೋಲಾ ಬದಲಿಗೆ ಸರ್ಕಾರ ತಂದ ‘77’ ಪಾನೀಯದ ಸೂತ್ರ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನದು. ಹಾಗಾಗಿ ಉತ್ತರದಲ್ಲಿ ‘ಕಾನೂನು 1973, ಒತ್ತಡ 1977, ನಿರ್ಗಮನ ಕಂಪನಿಯದು’ ಎಂಬ ಕ್ರಮವನ್ನೇ ಹಿಡಿಯಿರಿ.

1984ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಎದುರು ಸೋಲು. ಇಬ್ಬರೂ ಮುಂದೆ ರೈಲ್ವೆ ಸಚಿವರು: ಫರ್ನಾಂಡಿಸ್ 1989ರಲ್ಲಿ, ಷರೀಫ್ 1991ರಲ್ಲಿ. ಕೊಂಕಣ ರೈಲ್ವೆ ನಿಗಮ ಸ್ಥಾಪನೆ (1990) ಫರ್ನಾಂಡಿಸ್ ಅವಧಿಯದು, ಗೊಂದಲ ಬೇಡ. ಮುಷ್ಕರ ನಡೆಸಿದವರೇ ಆ ಇಲಾಖೆಯ ಯಜಮಾನರಾದದ್ದು ಮುಖ್ಯ ಪರೀಕ್ಷೆಗೆ ಒಳ್ಳೆಯ ಅಂಶ.

1994ರಲ್ಲಿ ಸಮತಾ ಪಕ್ಷ. 1998–2004 ರಕ್ಷಣಾ ಸಚಿವ. ಪೋಖ್ರಾನ್ ಅಣು ಪರೀಕ್ಷೆ, ಕಾರ್ಗಿಲ್ ಯುದ್ಧ ಎರಡೂ ಈ ಅವಧಿಯವು. ತೆಹಲ್ಕಾ ಪ್ರಕರಣದಿಂದ (ರಕ್ಷಣಾ ಖರೀದಿ ಲಂಚದ ಕುರಿತ ಸುದ್ದಿತಾಣದ ರಹಸ್ಯ ಕಾರ್ಯಾಚರಣೆ) 2001ರ ಮಾರ್ಚ್‌ನಲ್ಲಿ ರಾಜೀನಾಮೆ, ಅಕ್ಟೋಬರ್‌ನಲ್ಲಿ ಮರಳಿದರು. ನಡುವಿನ ತಿಂಗಳುಗಳಲ್ಲಿ ಖಾತೆ ಜಸ್ವಂತ್ ಸಿಂಗ್ ಬಳಿ ಇತ್ತು. ಹೊಂದಿಸಿ ಬರೆಯುವ ಪ್ರಶ್ನೆಗೆ ಇದನ್ನೂ ಗುರುತು ಹಾಕಿಕೊಳ್ಳಿ.