ರಿಪೋರ್ಟಿನ ‘ಕೆ’ ವಿಟಮಿನ್ ಅಲ್ಲ

ರಕ್ತದ ರಿಪೋರ್ಟಿನಲ್ಲಿ ‘ಕೆ’ ಅಂತ ಇದ್ದರೆ ಅದು ಪೊಟ್ಯಾಸಿಯಂ. ವಿಟಮಿನ್ ಕೆ ಅಲ್ಲ. ಲ್ಯಾಬಿನ ಕೌಂಟರಿನಲ್ಲಿ, ಫೋನಿನಲ್ಲಿ, ನೆಂಟರ ಮನೆಯಲ್ಲಿ ಕೂಡ ಈ ಮಾತು ಹೇಳಿ ಹೇಳಿ ಸಾಕಾಗಿದೆ. ಆದರೂ ಪ್ರತಿ ವಾರ ಯಾರಾದರೊಬ್ಬರು ಅದೇ ತಪ್ಪು ಮಾಡಿಕೊಂಡು ಬರುತ್ತಾರೆ. ರಿಪೋರ್ಟ್ ಬಂದ ಕೂಡಲೇ ಅದರ ಫೋಟೋ ತೆಗೆದು ಮನೆಮಂದಿಗೆಲ್ಲ ಕಳಿಸುತ್ತಾರೆ. ಒಬ್ಬರು ‘ಕೆ ಜಾಸ್ತಿ ಇದೆ’ ಅನ್ನುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ಹುಡುಕುತ್ತಾರೆ. ಅಲ್ಲಿ ವಿಟಮಿನ್ ಕೆ ಬಗ್ಗೆ ಬೇಕಾದಷ್ಟು ಸಿಗುತ್ತದೆ, ಅದು ಸೊಪ್ಪಿನಲ್ಲಿ ಜಾಸ್ತಿ ಅನ್ನುವುದೂ ಸಿಗುತ್ತದೆ. ಸಂಜೆಯೊಳಗೆ ಮನೆಯಲ್ಲಿ ಸೊಪ್ಪು ಬಂದ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ತಪ್ಪೆಲ್ಲ ಜನರದ್ದೇ ಅಂತ ನಾನು ಹೇಳುವುದಿಲ್ಲ. ಈ ಒಂದು ಅಕ್ಷರದ ತಲೆಯ ಮೇಲೆ ಎಲ್ಲರೂ ಸೇರಿ ಹೊರಿಸಿರುವ ಹೊರೆ ಸಣ್ಣದಲ್ಲ. ಬಲ್ಬಿನ ಡಬ್ಬಿ ಮೇಲೆ 2700 ಕೆ, 6500 ಕೆ ಅಂತ ಇರುತ್ತದಲ್ಲ, ಅದು ಕೆಲ್ವಿನ್ ಅನ್ನುವ ತಾಪದ ಅಳತೆ. ಬೆಳಕು ಹಳದಿಯೋ ಬಿಳಿಯೋ ಅನ್ನುವುದನ್ನು ಅದು ಹೇಳುತ್ತದೆ. ಯಾರಿಗೋ ಹತ್ತು ಕೆ ಫಾಲೋವರ್ಸ್ ಇದ್ದಾರೆ ಅಂದಾಗ ಕೆ ಅಂದರೆ ಸಾವಿರ. ಟಿವಿಯ 4ಕೆ ಅಂದರೆ ಪರದೆಯ ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕೆ. ಸರಿಯಾಗಿ ಎಣಿಸಿದರೆ 3840. ಚಿನ್ನದ 22 ಕೆ ಅಂದರೆ 24 ಪಾಲಿನಲ್ಲಿ 22 ಪಾಲು ಚಿನ್ನ. ಇಂಗ್ಲಿಷಿನಲ್ಲಿ ಚೆಸ್ ನಡೆ ಬರೆಯುವಾಗ ಕೆ ರಾಜನ ಪಾಲಾಗಿದೆ. ಹಾಗಾಗಿ ಕುದುರೆಯ ಇಂಗ್ಲಿಷ್ ಹೆಸರು ಕೆ ಇಂದಲೇ ಶುರುವಾದರೂ ಅದಕ್ಕೆ ಎನ್ ಕೊಟ್ಟಿದ್ದಾರೆ. ಭೌತವಿಜ್ಞಾನದಲ್ಲಂತೂ ಚಿಕ್ಕ ಕೆ ಬೇರೆ, ದೊಡ್ಡ ಕೆ ಬೇರೆ. ಚಿಕ್ಕದು ತಾಪಕ್ಕೂ ಶಕ್ತಿಗೂ ಇರುವ ನಂಟು ಹೇಳುವ ಬೋಲ್ಟ್ಸ್‌ಮನ್ ಸ್ಥಿರಾಂಕ, ದೊಡ್ಡದು ಕೆಲ್ವಿನ್. 2019ರಿಂದ ಆ ಚಿಕ್ಕ ಕೆ ಬೆಲೆಯನ್ನು ಖಾಯಂ ಮಾಡಿ, ಅದರ ಮೇಲೆಯೇ ದೊಡ್ಡ ಕೆ ಎಷ್ಟು ಅಂತ ನಿಗದಿ ಮಾಡಿದ್ದಾರೆ.

ಇದ್ಯಾವುದರಿಂದಲೂ ಯಾರ ಜೀವಕ್ಕೂ ತೊಂದರೆ ಇಲ್ಲ. ಆಸ್ಪತ್ರೆಯೊಳಗೆ ಬಂದ ಮೇಲೆ ಕಥೆ ಬೇರೆ.

ಕಣ್ಣಿನ ಪೊರೆ ಆಪರೇಷನ್ನಿಗೆ ಮೊದಲು ಅಳತೆ ತೆಗೆಯುತ್ತಾರೆ. ಆ ಚೀಟಿಯಲ್ಲಿ ಕೆ1, ಕೆ2 ಅಂತ ಇರುತ್ತದೆ. ಅದು ಕಣ್ಣಿನ ಮುಂದಿನ ಪಾರದರ್ಶಕ ಪದರ ಎಷ್ಟು ಬಾಗಿದೆ ಅನ್ನುವ ಲೆಕ್ಕ. ಎದುರಿಗೆ 43, 44 ಅಂತ ಅಂಕಿ ಇರುತ್ತದೆ. ವಿಟಮಿನ್‌ನಲ್ಲೂ ಕೆ1, ಕೆ2 ಅನ್ನುವ ಎರಡು ರೂಪ ಇರುವುದರಿಂದ ‘ಸರ್, ವಿಟಮಿನ್ 44 ಇದೆಯಂತೆ, ಜಾಸ್ತಿ ಆಯ್ತಾ?’ ಅಂತ ನನ್ನ ಹತ್ತಿರ ಕೇಳಿದವರಿದ್ದಾರೆ. ಮೂಳೆ ಡಾಕ್ಟರು ‘ಕೆ ವೈರ್ ಹಾಕಿದ್ದೀವಿ’ ಅಂದರೆ ಅದು ಮುರಿದ ಮೂಳೆ ಹಿಡಿದಿಡುವ ತೆಳು ಸರಳು. ಜರ್ಮನಿಯ ಸರ್ಜನ್ ಕಿರ್ಷ್ನರ್ ಹೆಸರಿನದು. ರಕ್ತನಿಧಿಯಲ್ಲಿ ಕೆ ಅಂದರೆ ಕೆಲ್ ಅನ್ನುವ ರಕ್ತದ ಗುಂಪು. ಕೊರೊನಾ ಕಾಲದಲ್ಲಿ ಪೇಪರಿನಲ್ಲೆಲ್ಲ ಬಂದ ಇ484ಕೆ ಅನ್ನುವ ವೈರಸ್ಸಿನ ಬದಲಾವಣೆ ನೆನಪಿದೆಯಾ? ಅಲ್ಲಿಯ ಕೆ ಲೈಸಿನ್ ಅನ್ನುವ ಅಮೈನೊ ಆಮ್ಲ. ಎಲ್ ಅಕ್ಷರ ಲ್ಯೂಸಿನ್‌ಗೆ ಹೋಗಿದ್ದರಿಂದ ಲೈಸಿನ್‌ಗೆ ಅದರ ಪಕ್ಕದ ಕೆ ಸಿಕ್ಕಿತು. ಡಿಸ್ಚಾರ್ಜ್ ಕಾಗದದಲ್ಲಿ ಕೆ35 ಅಂತ ಕೋಡ್ ಇದ್ದರೆ ಅಪೆಂಡಿಕ್ಸ್ ಊದಿಕೊಂಡಿತ್ತು ಅಂತ ಅರ್ಥ. ರೋಗಗಳ ಆ ಪಟ್ಟಿಯಲ್ಲಿ ಕೆ ಇಂದ ಶುರುವಾಗುವ ಕೋಡ್‌ಗಳೆಲ್ಲ ಜೀರ್ಣಾಂಗಕ್ಕೆ ಸೇರಿದವು.

ಒಂದೇ ರಿಪೋರ್ಟಿನ ಎರಡು ಪುಟದಲ್ಲಿ ಎರಡು ಅರ್ಥ ಇರುವುದೂ ಉಂಟು. ಕೆಲವು ಮಷಿನ್‌ಗಳು ಪ್ಲೇಟ್‌ಲೆಟ್ ಎದುರಿಗೆ ‘210 ಕೆ’ ಅಂತ ಪ್ರಿಂಟ್ ಮಾಡುತ್ತವೆ. ಅಂದರೆ ಎರಡು ಲಕ್ಷ ಹತ್ತು ಸಾವಿರ. ಮುಂದಿನ ಪುಟದಲ್ಲಿ ಅದೇ ಕೆ ಎದುರಿಗೆ 4.2 ಇರುತ್ತದೆ. ಅದು ಪೊಟ್ಯಾಸಿಯಂ. ಗೊಂದಲ ಆಗುವುದು ಸಹಜ, ಒಪ್ಪುತ್ತೇನೆ. ಕೇಳದೇ ಮದ್ದು ಶುರು ಮಾಡುವುದನ್ನು ಮಾತ್ರ ಒಪ್ಪಲಾರೆ.

ಪೊಟ್ಯಾಸಿಯಂಗೆ ಈ ಅಕ್ಷರ ಯಾಕೆ? 1807ರಲ್ಲಿ ಹಂಫ್ರಿ ಡೇವಿ ಪೊಟ್ಯಾಶ್ ಅನ್ನುವ ಕ್ಷಾರದೊಳಗೆ ವಿದ್ಯುತ್ ಹರಿಸಿ ಈ ಲೋಹವನ್ನು ಬೇರೆ ಮಾಡಿದ. ಇಂಗ್ಲಿಷಿನವರು ಪೊಟ್ಯಾಸಿಯಂ ಅಂದರು, ಜರ್ಮನ್ನರು ಕಾಲಿಯಂ ಅಂದರು. ಮೂಲವಸ್ತುಗಳ ಸಂಕೇತದಲ್ಲಿ ಗೆದ್ದದ್ದು ಕಾಲಿಯಂ. ವಿಟಮಿನ್‌ಗೆ ಕೆ ಬಂದ ದಾರಿಯೇ ಬೇರೆ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡುತ್ತಿದ್ದ. ಮರಿಗಳ ಚರ್ಮದಡಿ ರಕ್ತ ಸೋರತೊಡಗಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಯಾವುದೋ ಒಂದು ಅಂಶ ಆ ಆಹಾರದಲ್ಲಿ ಇಲ್ಲ ಅನ್ನುವುದು ಅವನಿಗೆ ಗೊತ್ತಾಯಿತು. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿ ಕೋಆಗುಲೇಷನ್ ಅನ್ನುತ್ತಾರೆ, ಬರೆಯುವುದು ಕೆ ಅಕ್ಷರದಿಂದ. 1935ರಲ್ಲಿ ವಿಟಮಿನ್ ಕೆ ಅಂತ ಹೆಸರಿಟ್ಟ. 1943ರ ನೊಬೆಲ್ ಅವನಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿಗೂ ಬಂತು. ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳು ಒಂದೇ ಅಕ್ಷರಕ್ಕೆ ಬಂದು ಬಿದ್ದವು.

ಈಗ ಮುಖ್ಯ ವಿಷಯ. ನಿಧಾನವಾಗಿ ಓದಿ.

ಪೊಟ್ಯಾಸಿಯಂ ಒಂದು ಖನಿಜ. ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವ ಜೀವಸತ್ವ. ದೊಡ್ಡವರಿಗೆ ದಿನಕ್ಕೆ ಪೊಟ್ಯಾಸಿಯಂ ಮೂರೂವರೆ ಗ್ರಾಂನಷ್ಟು ಬೇಕು. ವಿಟಮಿನ್ ಕೆ ನೂರು ಮೈಕ್ರೋಗ್ರಾಂ ಆಸುಪಾಸು ಸಾಕು, ಅಂದರೆ ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಪಾಲು. ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತ ತಪ್ಪುತ್ತದೆ. ವಿಟಮಿನ್ ಕೆ ಕಡಿಮೆಯಾದರೆ ರಕ್ತ ನಿಲ್ಲುವುದಿಲ್ಲ. ಪೊಟ್ಯಾಸಿಯಂ ಜಾಸ್ತಿಯಾಗುವುದು ಹೆಚ್ಚಾಗಿ ಕಿಡ್ನಿ ಸೋತಾಗ ಅಥವಾ ಕೆಲವು ಮಾತ್ರೆಗಳಿಂದ. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ವಿಟಮಿನ್ ಕೆ ಇಲ್ಲವೆನ್ನುವಷ್ಟು ಕಡಿಮೆ. ಪಾಲಕ್ ಸೊಪ್ಪಿನಲ್ಲಿ ಎರಡೂ ಬೇಕಾದಷ್ಟಿವೆ. ಜನ ದಾರಿ ತಪ್ಪುವುದು ಇಲ್ಲೇ. ‘ಸೊಪ್ಪಿನಲ್ಲಿ ಕೆ ಇದೆ’ ಅನ್ನುವ ಮಾತು ಎರಡು ಅರ್ಥದಲ್ಲೂ ನಿಜ. ಯಾವ ಕೆ ಬಗ್ಗೆ ಮಾತು ನಡೆದಿದೆ ಅಂತ ಯಾರೂ ಕೇಳುವುದಿಲ್ಲ.

ರಿಪೋರ್ಟಿನಲ್ಲಿ ಗುರುತಿಸುವುದು ಕಷ್ಟವಲ್ಲ. ಕೆ ಮೇಲೆ ಎನ್‌ಎ, ಕೆಳಗೆ ಸಿಎಲ್ ಇದೆಯಾ? ಅಂದರೆ ಸೋಡಿಯಂ, ಕ್ಲೋರೈಡ್ ನಡುವೆ ಕೂತಿದೆಯಾ? ಹಾಗಿದ್ದರೆ ಪೊಟ್ಯಾಸಿಯಂ. ಎದುರಿಗೆ ಮಿಲಿಮೋಲ್ ಅಥವಾ ಮಿಲಿ ಈಕ್ವಿವಲೆಂಟ್ ಅಂತ ಅಳತೆ ಇದೆಯಾ? ಪೊಟ್ಯಾಸಿಯಂ. ಅಂಕಿ ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು ಅಂತ ಪಕ್ಕದಲ್ಲಿ ಬರೆದಿದೆಯಾ? ಪೊಟ್ಯಾಸಿಯಂ. ಇನ್ನೂ ಒಂದು ಮಾತು: ದಿನನಿತ್ಯದ ಪರೀಕ್ಷೆಯಲ್ಲಿ ನಾವು ವಿಟಮಿನ್ ಕೆ ಅಳೆಯುವುದೇ ಇಲ್ಲ. ಅದರ ಕೆಲಸ ಸರಿಯಾಗಿ ನಡೆದಿದೆಯಾ ಅಂತ ನೋಡಲು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ಪಿಟಿ, ಐಎನ್‌ಆರ್ ಮಾಡುತ್ತೇವೆ. ಹಾಗಾಗಿ ಮಾಮೂಲಿ ರಿಪೋರ್ಟಿನಲ್ಲಿ ವಿಟಮಿನ್ ಕೆ ನಿಮಗೆ ಸಿಗುವ ಸಂಭವವೇ ಬಹಳ ಕಡಿಮೆ.

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಇದೆ. ಹೃದಯದಲ್ಲಿ ಲೋಹದ ಕವಾಟ ಹಾಕಿಸಿಕೊಂಡ ಹಿರಿಯರೊಬ್ಬರು ವಾರ್ಫರಿನ್ ಮಾತ್ರೆಯ ಮೇಲಿದ್ದರು. ಕವಾಟದ ಮೇಲೆ ರಕ್ತ ಗಡ್ಡೆ ಕಟ್ಟಬಾರದು ಅಂತ ಕೊಡುವ ಮಾತ್ರೆ ಅದು. ವಿಟಮಿನ್ ಕೆ ಕೆಲಸಕ್ಕೆ ಅದು ಅಡ್ಡ ಬರುತ್ತದೆ. ಎಷ್ಟು ಮಾತ್ರೆ ಅನ್ನುವುದನ್ನು ಡಾಕ್ಟರು ಆ ಮನುಷ್ಯ ದಿನಾ ತಿನ್ನುವ ಊಟದ ಮೇಲೆ ಹೊಂದಿಸಿರುತ್ತಾರೆ. ಅವರ ರಿಪೋರ್ಟಿನಲ್ಲಿ ಕೆ 5.6 ಬಂತು. ಮಗ ನೋಡಿದ. ‘ಅಪ್ಪಾಜಿ, ನಿಮ್ಮ ಮಾತ್ರೆಗೂ ಕೆಗೂ ಆಗಿಬರಲ್ಲ ಅಂತ ಡಾಕ್ಟ್ರು ಹೇಳಿರ್ಲಿಲ್ವಾ? ಇವತ್ತಿಂದ ಸೊಪ್ಪು ಬೇಡ’ ಅಂದ. ಪ್ರೀತಿಯಿಂದಲೇ ಹೇಳಿದ್ದು. ಸೊಪ್ಪು ಪೂರ್ತಿ ನಿಂತಿತು, ಮಾತ್ರೆ ಮಾತ್ರ ಹಿಂದಿನ ಲೆಕ್ಕದಲ್ಲೇ ನಡೆಯಿತು. ಕೆಲವೇ ದಿನದಲ್ಲಿ ಹಲ್ಲುಜ್ಜುವಾಗ ವಸಡಿನಿಂದ ರಕ್ತ, ತೋಳಿನ ಮೇಲೆ ನೀಲಿ ಕಲೆ. ಐಎನ್‌ಆರ್ ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ ಹೋಗಿತ್ತು. ಸಕಾಲಕ್ಕೆ ಬಂದದ್ದರಿಂದ ಉಳಿದುಕೊಂಡರು.

ವಾರ್ಫರಿನ್ ತಗೊಳ್ಳುವವರು ಸೊಪ್ಪು ಬಿಡಬೇಕಾಗಿಲ್ಲ. ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಬೇಕು, ಅಷ್ಟೇ. ಒಮ್ಮೆಲೇ ಬಿಟ್ಟರೆ ರಕ್ತಸ್ರಾವದ ಭಯ. ಒಮ್ಮೆಲೇ ಬುಟ್ಟಿಗಟ್ಟಲೆ ತಿಂದರೆ ಗಡ್ಡೆ ಕಟ್ಟುವ ಭಯ. ಅಪಿಕ್ಸಬಾನ್, ರಿವರಾಕ್ಸಬಾನ್ ತರಹದ ಹೊಸ ಮಾತ್ರೆಗಳಿಗೆ ಈ ಸೊಪ್ಪಿನ ಲೆಕ್ಕ ಇಲ್ಲ. ನಿಮ್ಮದು ಯಾವ ಮಾತ್ರೆ ಅನ್ನುವುದನ್ನು ಚೀಟಿ ನೋಡಿ ಖಚಿತ ಮಾಡಿಕೊಳ್ಳಿ. ನಾನು ಇಲ್ಲಿ ಬರೆದದ್ದನ್ನು ನೋಡಿ ಯಾರೂ ಮಾತ್ರೆ ಬದಲಿಸಬೇಡಿ.

ಆ ಹಿರಿಯರ ಕೆ 5.6 ಕೂಡ ನಿಜವಾದದ್ದಲ್ಲ. ಅದೇ ರಿಪೋರ್ಟಿನ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ‘ಸ್ಯಾಂಪಲ್‌ನಲ್ಲಿ ರಕ್ತಕಣ ಒಡೆದಿದೆ, ಮತ್ತೊಮ್ಮೆ ಪರೀಕ್ಷಿಸಿ’ ಅಂತ ಇತ್ತು. ಯಾರೂ ಓದಿರಲಿಲ್ಲ. ಇದು ಲ್ಯಾಬಿನವರಿಗೆ ದಿನಾ ಕಾಣುವ ವಿಷಯ, ಹೊರಗಿನವರಿಗೆ ಗೊತ್ತೇ ಇಲ್ಲ. ದೇಹದ ಪೊಟ್ಯಾಸಿಯಂನಲ್ಲಿ ನೂರಕ್ಕೆ ಸುಮಾರು 98 ಪಾಲು ಜೀವಕೋಶಗಳ ಒಳಗಿದೆ. ಒಳಗೆ ಲೀಟರಿಗೆ 140 ಮಿಲಿಮೋಲ್ ಆಸುಪಾಸು, ಹೊರಗೆ ಬರೀ ನಾಲ್ಕು. ಪ್ರತಿ ಜೀವಕೋಶದ ಗೋಡೆಯಲ್ಲೂ ಒಂದು ಪಂಪ್ ಇದೆ. ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ, ಬಿಡುವಿಲ್ಲದೆ. 1957ರಲ್ಲಿ ಇದನ್ನು ಕಂಡುಹಿಡಿದವನು ಯೆನ್ಸ್ ಸ್ಕೌ, ಅವನೂ ಡೆನ್ಮಾರ್ಕಿನವನೇ. ನೊಬೆಲ್ ಬಂದದ್ದು ಮಾತ್ರ 1997ರಲ್ಲಿ.

ಈಗ ರಕ್ತ ತೆಗೆಯುವಾಗ ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ ಕೆಂಪು ಕಣ ಒಡೆಯುತ್ತವೆ. ಒಳಗಿನ ಪೊಟ್ಯಾಸಿಯಂ ಹೊರಗೆ ಚೆಲ್ಲುತ್ತದೆ. ಟ್ಯೂಬ್ ತಿರುಗಿಸಿ ಕಣಗಳನ್ನು ತಳಕ್ಕೆ ಇಳಿಸಿದಾಗ ಮೇಲೆ ನಿಲ್ಲುವ ನೀರು ತಿಳಿ ಹಳದಿ ಇರಬೇಕು. ಕಣ ಒಡೆದಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಕೆಲವೊಮ್ಮೆ ಪೂರ್ತಿ ಕೆಂಪು. ಕಟ್ಟು ಬಿಗಿದು ‘ಮುಷ್ಟಿ ಬಿಗಿ, ಬಿಡು’ ಅಂತ ಮಾಡಿಸಿದರೂ ಅಂಕಿ ಏರುತ್ತದೆ. ಕಣಗಳಿಂದ ಬೇರೆ ಮಾಡದ ರಕ್ತವನ್ನು ಫ್ರಿಜ್ಜಿನಲ್ಲಿಟ್ಟರೂ ಅಷ್ಟೇ, ಚಳಿಗೆ ಆ ಪಂಪ್ ನಿಂತುಹೋಗುತ್ತದೆ. ರಕ್ತಕಣ ಎಣಿಸಲು ಬಳಸುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎ ಕೂಡ ಪೊಟ್ಯಾಸಿಯಂ ಲವಣವೇ. ಅದರ ನಾಲ್ಕು ಹನಿ ಬೇರೆ ಟ್ಯೂಬಿಗೆ ಹೋದರೆ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಇಳಿದು, ಚೆನ್ನಾಗಿರುವ ಮನುಷ್ಯ ಕಾಗದದ ಮೇಲೆ ಐಸಿಯು ರೋಗಿಯಾಗುತ್ತಾನೆ. ಅದಕ್ಕೇ ಯಾವ ಟ್ಯೂಬು ಮೊದಲು, ಯಾವುದು ಆಮೇಲೆ ಅಂತ ರಕ್ತ ತೆಗೆಯುವವರಿಗೆ ಕ್ರಮ ಕಲಿಸಿರುತ್ತೇವೆ.

ಹಾಗಾಗಿ ಲ್ಯಾಬಿನವರು ‘ಇನ್ನೊಂದು ಸಲ ರಕ್ತ ಕೊಡಿ’ ಅಂದರೆ ದಯವಿಟ್ಟು ಜಗಳಕ್ಕೆ ನಿಲ್ಲಬೇಡಿ. ಸುಮ್ನೆ ಚುಚ್ಚುವ ಆಸೆ ಯಾರಿಗೂ ಇಲ್ಲ. ಹಾಗಂತ ಜಾಸ್ತಿ ಬಂದದ್ದೆಲ್ಲ ಸುಳ್ಳು ಅಂತ ತಳ್ಳಿಹಾಕುವುದೂ ತಪ್ಪು. ಕಿಡ್ನಿ ತೊಂದರೆ ಇರುವವರಲ್ಲಿ 6 ದಾಟಿದ ಪೊಟ್ಯಾಸಿಯಂ ಆಟದ ವಿಷಯವಲ್ಲ. ಅಂಥವರು ಮನೆಯಲ್ಲಿ ಚರ್ಚೆ ಮಾಡುತ್ತ ಕೂರದೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಇಸಿಜಿ ನೋಡಬೇಕಾಗುತ್ತದೆ.

ಗೊಂದಲ ತಿರುಗುಮುರುಗಾಗುವುದೂ ಇದೆ. ಹುಟ್ಟಿದ ಮಗುವಿಗೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಮಿಲಿಗ್ರಾಂ, ತೊಡೆಗೆ. ಹುಟ್ಟುವಾಗ ಮಗುವಿನ ಮೈಯಲ್ಲಿ ಇದರ ದಾಸ್ತಾನು ತೀರಾ ಕಡಿಮೆ. ತಾಯಿಯ ಹಾಲಿನಲ್ಲೂ ಜಾಸ್ತಿ ಇಲ್ಲ. ಕೊಡದಿದ್ದರೆ ಕೆಲವು ಮಕ್ಕಳಲ್ಲಿ ಮಿದುಳಿನೊಳಗೆ ರಕ್ತ ಸೋರುವ ಅಪಾಯ ಇದೆ. ಚೀಟಿಯಲ್ಲಿ ಬರೀ ‘ಕೆ ಇಂಜೆಕ್ಷನ್’ ಅಂತ ನೋಡಿದ ಹೊಸ ಅಪ್ಪನೊಬ್ಬ ನಡುಗುತ್ತ ಫೋನ್ ಮಾಡಿದ್ದ. ‘ಡಾಕ್ಟ್ರೇ, ಪೊಟ್ಯಾಸಿಯಂ ಚುಚ್ಚಿದ್ರೆ ಹೃದಯ ನಿಲ್ಲತ್ತೆ ಅಂತಾರಲ್ಲ?’ ಗಟ್ಟಿ ಪೊಟ್ಯಾಸಿಯಂ ಕ್ಲೋರೈಡನ್ನು ನೀರು ಬೆರೆಸದೆ ರಕ್ತನಾಳಕ್ಕೆ ಕೊಟ್ಟರೆ ನಿಲ್ಲುತ್ತದೆ, ಹೌದು. ಮಗುವಿಗೆ ಕೊಟ್ಟದ್ದು ಅದಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೇಳಿದನಲ್ಲ, ಅದೇ ದೊಡ್ಡದು. ಬರೆಯುವವರು ‘ವಿಟಮಿನ್’ ಅಂತ ಪೂರ್ತಿ ಬರೆದಿದ್ದರೆ ಆ ಹುಡುಗನಿಗೆ ಆ ಸಂಕಟವೇ ಇರುತ್ತಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುವುದು, ಒಂಟಿ ಅಕ್ಷರ ಬರೆಯಬೇಡಿ.

ಕೊನೆಗೆ ಉಪ್ಪಿನ ಮಾತು. ಬಿಪಿಗೆ ಒಳ್ಳೆಯದು ಅಂತ ‘ಸೋಡಿಯಂ ಕಡಿಮೆ ಇರುವ’ ಉಪ್ಪು ಮಾರುತ್ತಾರೆ. ಸೋಡಿಯಂ ಕಡಿಮೆ ಮಾಡಿದ ಜಾಗದಲ್ಲಿ ಹೆಚ್ಚಾಗಿ ತುಂಬುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. ಆರೋಗ್ಯವಂತರ ಕಿಡ್ನಿ ಹೆಚ್ಚಿನದ್ದನ್ನು ಹೊರಗೆ ಹಾಕಿಬಿಡುತ್ತದೆ. ಕಿಡ್ನಿ ಸೋತವರಿಗೆ ಅದು ಆಗುವುದಿಲ್ಲ. ಲೊಸಾರ್ಟನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತರಹದ ಮಾತ್ರೆ ತಗೊಳ್ಳುವವರಲ್ಲೂ ಪೊಟ್ಯಾಸಿಯಂ ಮೈಯಲ್ಲೇ ಉಳಿಯುವ ಸಂಭವ ಇದೆ. ಬಾಳೆಹಣ್ಣು ಬಿಟ್ಟು, ಸೊಪ್ಪು ಬಿಟ್ಟು, ಈ ಉಪ್ಪನ್ನು ಮಾತ್ರ ದಿನಾ ಚಮಚಗಟ್ಟಲೆ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಪ್ಯಾಕೆಟ್ಟಿನ ಹಿಂದೆ ತಿರುಗಿಸಿ ಪದಾರ್ಥಗಳ ಸಾಲು ಓದಿ. ಪೊಟ್ಯಾಸಿಯಂ ಕ್ಲೋರೈಡ್ ಅಂತ ಇದ್ದು, ನೀವು ಕಿಡ್ನಿಗೋ ಹೃದಯಕ್ಕೋ ಬಿಪಿಗೋ ಮಾತ್ರೆ ತಗೊಳ್ಳುತ್ತಿದ್ದರೆ, ಆ ಪ್ಯಾಕೆಟ್ಟನ್ನೇ ಮುಂದಿನ ಸಲ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಅದನ್ನು ಅಡುಗೆಗೆ ಹಾಕಬೇಡಿ.